ಸೀನುವ ಪಾಪುವೂ ನಮ್ಮ ಮನೆಯ ತಲೆಬಿಸಿಯೂ

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವನು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಯಾಗಿ ಕೇಳಿಸುವ ಹಾಗೆ ಮಾಡುವುದೇ ನನ್ನ ಉದ್ಯೋಗ. ಆದರೆ ನನ್ನ ಮನೆಯಲ್ಲಿ ಮಾತ್ರ ಯಾರು ಹೇಳಿದ್ದೂ ಯಾರಿಗೂ ಸರಿಯಾಗಿ ಕೇಳಿಸಿದ್ದಿಲ್ಲ. ಎಂಬತ್ತರ ದಶಕದಲ್ಲಿ ಒಂದು ಕಾಯಿಲೆಯ ಬೆಕ್ಕಿನ ಮರಿ ನಮ್ಮಲ್ಲಿಗೆ ಬಂದ ಮೇಲಂತೂ ಇಂಥದ್ದು ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ಕೆಲವು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಪಾಪ ಮತ್ತು ಪಾಪು

ಆಗ ನಾವು ಅಂಬಲಪಾಡಿಯಲ್ಲಿದ್ದೆವು. ನಾನು, ಹೆಂಡತಿ ಮತ್ತು ನನ್ನ ಅಮ್ಮ. ಮದುವೆಯಾಗಿ ಬಹಳ ವರ್ಷಗಳಾಗಿದ್ದರೂ ನಮಗೆ ಮಕ್ಕಳಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತುತ್ತಿಲ್ಲ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಗುತ್ತಿತ್ತು.

ನನ್ನ ಕೆಲಸದ ದೆಸೆಯಿಂದ ಮನೆಗೊಂದು ಫೋನ್ ಬಂದಿತ್ತು. ಒಂದು ದಿನ ಮಣಿಪಾಲದಿಂದ ಹೆಂಡತಿಯ ಗೆಳತಿ ಫೋನ್ ಮಾಡಿದಳು. ತೆಗೆದದ್ದು ಅಮ್ಮ. ಲೈನಿನಲ್ಲಿ ಕರಕರ ಸದ್ದು. ಗೆಳತಿ ಹೇಳಿದ್ದು ಇಷ್ಟು: "ನಮ್ಮ ಕೆಳಗಿನ ಮನೆಯಲ್ಲಿದ್ದ ವಿದ್ಯಾರ್ಥಿ ಓದು ಮುಗಿಸಿ ಮಲೇಶಿಯಾಕ್ಕೆ ಹೋದ. ಅವನ ಬೆಕ್ಕಿನ ಮರಿ ಇಲ್ಲೇ ಉಂಟು. ಪಾಪ, ಒಂದು ಕಣ್ಣು ಸರಿ ಇಲ್ಲ. ಯಾವಾಗಲೂ ಶೀತ. ಯಾರೂ ತೆಗೆದುಕೊಳ್ಳುವುದಿಲ್ಲ. ನೀವು ಸಾಕ್ತೀರಾ?"

ಅಮ್ಮನಿಗೆ ಕೇಳಿಸಿದ್ದು ಇಷ್ಟು: "ಪಾಪು. ಒಂದು ಕಣ್ಣು ಸರಿ ಇಲ್ಲ. ಯಾರೂ ತೆಗೆದುಕೊಳ್ಳುವುದಿಲ್ಲ. ನೀವು ಸಾಕ್ತೀರಾ?"

ನಾನು ಡ್ಯೂಟಿ ಮುಗಿಸಿ ಬರುವಾಗ ಅಮ್ಮ ಅಟ್ಟದಿಂದ ನನ್ನ ತೊಟ್ಟಿಲು ಇಳಿಸಿ ಒರೆಸುತ್ತಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು.

"ನಾನು ಒಪ್ಪಿಕೊಂಡು ಆಗಿದೆ" ಎಂದರು ಅಮ್ಮ. "ಜಾತಿಗೀತಿ ಅಂತ ಈಗ ಕೇಳಲಿಕ್ಕೆ ಹೋಗಬೇಡ. ಒಂದು ಕಣ್ಣು ಸರಿ ಇಲ್ಲವಂತೆ. ಇರಲಿ. ನಿನ್ನ ಅಪ್ಪನಿಗೆ ಎರಡೂ ಸರಿ ಇತ್ತು, ಎದುರಿಗಿದ್ದ ಚೊಂಬು ಒಂದು ದಿನವೂ ಕಂಡದ್ದಿಲ್ಲ."

ನನಗೆ ಏನೂ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳಿಗೂ ಪೂರ್ತಿ ತಿಳಿದ ಹಾಗೆ ಕಾಣಲಿಲ್ಲ. ಆದರೆ ಆ ಮುಖದಲ್ಲಿದ್ದ ಬೆಳಕನ್ನು ಕಂಡ ಮೇಲೆ ಪ್ರಶ್ನೆ ಕೇಳಲು ಧೈರ್ಯ ಬರಲಿಲ್ಲ.

ಸಂಜೆ ರಿಕ್ಷಾ ಬಂತು. ಗೆಳತಿ ಒಂದು ಬುಟ್ಟಿ ಹಿಡಿದು ಇಳಿದಳು. ಅಮ್ಮ ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಬಟ್ಟೆ ಸರಿಸಿದಾಗ ಒಳಗೆ ಬೂದಿ ಬಣ್ಣದ ಮರಿ. ಒಂದು ಕಣ್ಣಿಗೆ ಬಿಳಿ ಪರದೆ ಕವಿದಿತ್ತು, ಮೂಗು ಸುರಿಯುತ್ತಿತ್ತು. ಅದು ತಲೆಯೆತ್ತಿ ಒಮ್ಮೆ ಸೀನಿತು. ಆರತಿಯ ದೀಪ ಆರಿತು.

"ಇದಕ್ಕೆ ಬಾಲ ಉಂಟಲ್ಲ ಮಾರಾಯ!" ಎಂದರು ಅಮ್ಮ.

ಹೆಂಡತಿ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೋ ಬೇರೆಯದ್ದೋ ನನಗೆ ಗೊತ್ತಾಗಲಿಲ್ಲ. ಗೆಳತಿ ಗಾಬರಿಯಿಂದ, "ಬೇಡದಿದ್ದರೆ ಹಿಂದೆ ತೆಗೆದುಕೊಂಡು ಹೋಗ್ತೇನೆ ಅಮ್ಮ" ಎಂದಳು. ಅಮ್ಮ ಅವಳ ಮುಖ ನೋಡಲಿಲ್ಲ. ದೀಪ ಮತ್ತೆ ಹಚ್ಚಿದರು. "ಬಾ ಅಂತ ಹೇಳಿ ಆಗಿದೆ. ಹೊಸ್ತಿಲಿಂದ ಹಿಂದೆ ಕಳಿಸುವುದು ಹೇಗೆ?" ಎಂದು ಆರತಿ ಪೂರ್ತಿ ಮಾಡಿದರು. ಹೆಸರು ಪಾಪು ಎಂದೇ ಉಳಿಯಿತು.

ಮಗು ಬರುತ್ತದೆಂದು ಅಮ್ಮ ಮಧ್ಯಾಹ್ನವೇ ಕೇರಿಗೆಲ್ಲ ಹೇಳಿದ್ದರಿಂದ ಪಕ್ಕದ ಮನೆಯ ಬಾಯಮ್ಮ ಉಣ್ಣೆಯ ಟೊಪ್ಪಿ ಹಿಡಿದು ಓಡಿ ಬಂದರು. ತೊಟ್ಟಿಲಿಗೆ ಪರದೆ ಇಳಿಬಿಟ್ಟಿತ್ತು. "ಯಾರ ಹಾಗೆ ಉಂಟು ಮಗು?" ಎಂದು ಕೇಳಿದರು.

ಅಮ್ಮ ಹೇಳಿದರು: "ಸುರಿಯುವ ಮೂಗು ನೋಡಿದರೆ ನಮ್ಮ ಇವನ ಹಾಗೆಯೇ."

ಸೀನಿದ್ದು ಯಾರು?

ವಾರ ಕಳೆದರೂ ಪಾಪುವಿನ ಶೀತ ಬಿಡಲಿಲ್ಲ. ಕಾರ್ಕಳದಲ್ಲಿದ್ದ ನನ್ನ ಭಾವ, ಎಂದರೆ ಹೆಂಡತಿಯ ಅಣ್ಣ, "ಇಲ್ಲೊಬ್ಬರು ಪಶುವೈದ್ಯರಿದ್ದಾರೆ, ಬೆಕ್ಕನ್ನೂ ಮನಸ್ಸಿಟ್ಟು ನೋಡ್ತಾರೆ. ಕರೆದುಕೊಂಡು ಬನ್ನಿ" ಎಂದರು. ಬುಟ್ಟಿಗೆ ಬಟ್ಟೆ ಮುಚ್ಚಿ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ಬುಟ್ಟಿ ಸೀಟಿನ ಅಡಿಗೆ ಹೋಯಿತು.

ಡ್ರೈವರು ಕೈ ಮುಗಿದು ಇಂಜಿನ್ ಶುರು ಮಾಡಿದರು. ಪಾಪು ಸೀನಿತು. ಡ್ರೈವರು ಇಂಜಿನ್ ಆಫ್ ಮಾಡಿದರು. ಹೊರಡುವಾಗ ಸೀನಿದರೆ ಅಪಶಕುನವಲ್ಲವೇ. ಸ್ವಲ್ಪ ಕಾದು ಮತ್ತೆ ಶುರು ಮಾಡಿದರು. ಮತ್ತೆ ಸೀನು.

"ಯಾರು ಮಾರಾಯ್ರೆ ಅದು?" ಎಂದು ಅವರು ತಿರುಗಿ ನೋಡಿದರು. ಸೀನು ಬಂದದ್ದು ನನ್ನ ಸೀಟಿನಿಂದ. ಇಡೀ ಬಸ್ಸು ನನ್ನನ್ನು ನೋಡಿತು. "ನಾನಲ್ಲ, ಬೆಕ್ಕು" ಎಂದೆ. ಯಾರೂ ನಂಬಲಿಲ್ಲ. ಬೆಕ್ಕು ಸೀನುತ್ತದೆ ಎನ್ನುವುದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹಿಂದೆ ಕುಳಿತಿದ್ದ ಹೆಂಗಸು, "ಕಾಳುಮೆಣಸಿನ ಕಷಾಯ ಕುಡಿಯಿರಿ" ಎಂದರು.

ಕಂಡಕ್ಟರ್ ಬಂದು ನ್ಯಾಯ ಹೇಳಿದ: "ರಾಯರೇ, ನೀವೊಮ್ಮೆ ಕೆಳಗಿಳಿಯಿರಿ. ಬಸ್ಸು ಸ್ವಲ್ಪ ಮುಂದೆ ಹೋದ ಮೇಲೆ ಹತ್ತಿಕೊಳ್ಳಿ. ಆಗ ಹೊರಡುವಾಗ ಸೀನಿದ ಹಾಗೆ ಆಗುವುದಿಲ್ಲ." ನನಗೆ ಅದು ಸರಿಯೆಂದೇ ಕಂಡಿತು. ಇಳಿದೆ. ಬಸ್ಸು ಹೊರಟಿತು. ಆಗ ನೆನಪಾಯಿತು, ಬುಟ್ಟಿ ಒಳಗೇ ಉಂಟು! ಪಂಚೆ ಎತ್ತಿಕಟ್ಟಿ ಓಡಿದೆ. ತಿರುವಿನಲ್ಲಿ ನಿಲ್ಲಿಸಿಕೊಂಡಿದ್ದರು. ಏದುಸಿರು ಬಿಡುತ್ತ ಹತ್ತಿದೆ.

ಡ್ರೈವರು ಗೆದ್ದವರ ಹಾಗೆ ನಕ್ಕರು. "ನೋಡಿ, ನೀವು ಇಳಿದ ಮೇಲೆ ಬಸ್ಸಿನಲ್ಲಿ ಒಂದೂ ಸೀನು ಇಲ್ಲ. ಸುಮ್ಮನೆ ಬೆಕ್ಕಿನ ಹೆಸರು ಹೇಳ್ತೀರಲ್ಲ!"

ಒಳಗಿನ ವಯರ್

ಕಾರ್ಕಳದ ಡಾಕ್ಟರು ಪಾಪುವಿನ ಬಾಯಿ, ಕಣ್ಣು, ಮೂಗು ಎಲ್ಲ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಇದು ಬೆಕ್ಕುಗಳಿಗೆ ಬರುವ ಒಂದು ವೈರಸ್. ಮನುಷ್ಯರಿಗೆ ತಾಗುವುದಿಲ್ಲ. ಆದರೆ ಇದರ ಮೈಯಿಂದ ಹೋಗುವುದೂ ಇಲ್ಲ. ಕೆಲವು ದಿನ ಮಲಗಿರ್ತದೆ, ತಂಡಿಯೋ ಹೆದರಿಕೆಯೋ ಆದರೆ ಎದ್ದು ಬರ್ತದೆ. ಮರಿ ಬಹಳ ಸೋತಿದೆ. ಈ ಮಳೆಗಾಲ ದಾಟಿದರೆ ಮತ್ತೆ ನೋಡುವ."

ಆ ಕೊನೆಯ ಮಾತು ನನ್ನ ಎದೆಗೆ ಬಡಿಯಿತು. ಭಾವನ ಮನೆಯ ಹತ್ತಿರದಿಂದ ಅಂಬಲಪಾಡಿಗೆ ಫೋನ್ ಮಾಡಿದೆ. ತೆಗೆದದ್ದು, ಮತ್ತೆ, ಅಮ್ಮ.

"ಒಳಗೆ ವೈರಸ್ ಉಂಟಂತೆ ಅಮ್ಮ!" ಎಂದು ಕೂಗಿದೆ. "ತೆಗೆಯಲಿಕ್ಕೆ ಆಗುವುದಿಲ್ಲವಂತೆ! ಜೀವಮಾನ ಒಳಗೇ ಇರ್ತದಂತೆ!"

"ಅಯ್ಯೋ, ವಯರಾ!" ಎಂದು ಅಮ್ಮ ಅತ್ತ ಕಡೆ ಫೋನ್ ಇಟ್ಟರು.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಬೆಕ್ಕಿನ ಹೊಟ್ಟೆಯಲ್ಲಿ ಟೆಲಿಫೋನ್ ವಯರ್ ಉಂಟು ಎಂಬುದು ಕೇರಿಗೆಲ್ಲ ಗೊತ್ತಾಗಿತ್ತು. ವಯರ್ ಎಲ್ಲಿಂದ ಬಂತು ಎಂದು ಯಾರೂ ಕೇಳಲೇ ಇಲ್ಲ. ನಾನು ಕೆಲಸ ಮಾಡುವುದು ಎಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಸುದ್ದಿ ಆಫೀಸಿಗೂ ಹೋಯಿತು. ನಮ್ಮ ಮೇಲಧಿಕಾರಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಹೊರಗೆ ನೀರೂ ಕುಡಿಯದವರು, ಈರುಳ್ಳಿ ಕಂಡರೆ ಮುಖ ತಿರುಗಿಸುವವರು. ನನ್ನನ್ನು ಒಳಗೆ ಕರೆದರು.

"ಎಷ್ಟು ಉದ್ದದ್ದು?"

"ಯಾವುದು ಸರ್?"

"ವಯರ್. ಬೆಕ್ಕು ನುಂಗಿದ್ದು."

"ಸರ್, ಅದು ವಯರ್ ಅಲ್ಲ, ವೈರಸ್. ಕಣ್ಣಿಗೆ ಕಾಣುವುದಿಲ್ಲ."

ಅವರು ಕನ್ನಡಕ ತೆಗೆದು ಒರೆಸಿ, ಯೋಚನೆ ಮಾಡಿ, ಮತ್ತೆ ಹಾಕಿಕೊಂಡರು. "ಕಣ್ಣಿಗೆ ಕಾಣದ ವಯರ್ ನಮ್ಮ ಸ್ಟೋರ್ ರೂಮಿಗೆ ಬಂದೇ ಇಲ್ಲ. ಹಾಗಾದರೆ ಅದು ನಮ್ಮದಲ್ಲ. ನೀವು ಹೋಗಿ."

ಇಂಗು

ಪಾಪು ತಿನ್ನುವುದನ್ನು ಬಿಟ್ಟಿತು. ಹಾಲಿನ ತಟ್ಟೆಯ ಎದುರು ಕುಳಿತು ಅದು ಏನೆಂದೇ ತಿಳಿಯದ ಹಾಗೆ ನೋಡುತ್ತಿತ್ತು. ಡಾಕ್ಟರು ಮೊದಲೇ ಹೇಳಿದ್ದರು: "ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಗೊತ್ತಾಗದಿದ್ದರೆ ಅದು ತಿನ್ನುವುದಿಲ್ಲ. ಗಾಢ ವಾಸನೆಯದ್ದು ಏನಾದರೂ ಬಿಸಿ ಮಾಡಿ ಕೊಡಿ."

ನಮ್ಮದು ಶುದ್ಧ ಸಸ್ಯಾಹಾರದ ಮನೆ. ಗಾಢ ವಾಸನೆ ಎಂದ ಕೂಡಲೇ ಅಮ್ಮನಿಗೆ ಹೊಳೆದದ್ದು ಒಂದೇ. "ಇಂಗು ಉಂಟಲ್ಲ!" ಅನ್ನಕ್ಕೆ ತುಪ್ಪ ಹಾಕಿ, ಮೇಲೆ ಇಂಗಿನ ಒಗ್ಗರಣೆ ಕೊಟ್ಟರು. ನನಗೆ ಹಸಿವಾಯಿತು. ಪಾಪು ಮೂಗು ಹತ್ತಿರ ತಂದು, ಅಮ್ಮನ ಮುಖಕ್ಕೆ ನೇರ ಸೀನಿ, ತೊಟ್ಟಿಲ ಕೆಳಗೆ ಹೋಗಿ ಕುಳಿತಿತು.

"ಕಡಿಮೆ ಆಯಿತೋ ಏನೋ" ಎಂದು ಅಮ್ಮ ಇನ್ನೊಮ್ಮೆ ಇಂಗು ಹಾಕಿದರು.

ಹೀಗೆ ಎರಡು ದಿನ ನಡೆಯಿತು. ಕೊನೆಗೆ ಹೆಂಡತಿ ಹೇಳಿದಳು: "ಅತ್ತೆ, ಬೆಕ್ಕು ತಿನ್ನಲಿಲ್ಲ. ಆದರೆ ನಿಮ್ಮ ಮಗ ಅದರ ತಟ್ಟೆಯದ್ದನ್ನು ಮೂರು ಸಲ ಖಾಲಿ ಮಾಡಿದ್ದಾರೆ."

ಬೆಕ್ಕಿಗೆ

ಮರಿಯ ಬೆನ್ನೆಲುಬು ಕೈಗೆ ಸಿಗುವ ಹಾಗಾಯಿತು. ಬಾಯಮ್ಮ ಗೋಡೆಯ ಆಚೆಯಿಂದಲೇ, "ಒಣಮೀನು ಸುಟ್ಟು ಕೊಡಿ ರಾಯರೇ. ಇಲ್ಲದಿದ್ದರೆ ಇದು ಉಳಿಯುವುದಿಲ್ಲ" ಎಂದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬಹಳ ಹೊತ್ತು ದೇವರ ಕೋಣೆಯ ಎದುರು ಕುಳಿತರು. ಎದ್ದು ಬಂದು, "ಬಚ್ಚಲಿನ ಹಿಂದೆ ಬೇರೆ ಒಲೆ ಹಾಕು. ಮನೆಯೊಳಗೆ ಬರಬಾರದು, ನನಗೆ ಕಾಣಬಾರದು" ಎಂದರು.

ಉಡುಪಿಯಲ್ಲಿ ಕೊಂಡರೆ ಯಾರಾದರೂ ನೋಡುತ್ತಾರೆ. ಹಾಗಾಗಿ ಕಾಪುವಿಗೆ ಹೋದೆ. ಪೇಟೆಯಲ್ಲಿ ಒಬ್ಬ ಬ್ಯಾರಿ ಸಾಹೇಬರ ಒಣಮೀನಿನ ಅಂಗಡಿ. ಸುಡುಬಿಸಿಲಿನಲ್ಲಿ ಕೊಡೆಯನ್ನು ಮುಖದವರೆಗೆ ಇಳಿಸಿ ನಿಂತು, ಮೆಲ್ಲಗೆ "ಸ್ವಲ್ಪ ಒಣಸಿಗಡಿ ಕೊಡಿ" ಎಂದೆ. ಪಕ್ಕದಲ್ಲಿ ಇನ್ನೊಂದು ಕೊಡೆ ನಿಂತಿತ್ತು, ಅದೂ ಹಾಗೆಯೇ ಮುಖದವರೆಗೆ ಇಳಿದಿತ್ತು. ಗಾಳಿ ಬೀಸಿ ಎರಡೂ ಒಟ್ಟಿಗೆ ಮೇಲೆದ್ದವು. ನಮ್ಮ ಮೇಲಧಿಕಾರಿ!

ಇಬ್ಬರೂ ಕೊಡೆಯನ್ನು ಮತ್ತೆ ಕೆಳಗೆ ಎಳೆದುಕೊಂಡೆವು.

"ಬೆಕ್ಕಿಗೆ" ಎಂದೆ ನಾನು.

"ನನ್ನದೂ ಬೆಕ್ಕಿಗೇ" ಎಂದರು ಅವರು.

ನನಗೆ ಆಶ್ಚರ್ಯವಾಯಿತು. ಬೆಕ್ಕಿನ ಕೂದಲು ಕಂಡರೆ ತಮ್ಮ ಹೆಂಡತಿಗೆ ದಮ್ಮು ಬರುತ್ತದೆಂದು ಅವರೇ ಹೇಳಿದ್ದರು. ಅಂಗಡಿಯ ಸಾಹೇಬರು ನನಗೆ ಪೊಟ್ಟಣ ಕಟ್ಟುತ್ತ, "ಇಷ್ಟು ಸಾಕಾ ನಿಮಗೆ? ಇವರ ಬೆಕ್ಕು ಇದನ್ನು ಒಂದು ಹೊತ್ತಿಗೆ ತಿಂತದೆ" ಎಂದರು.

ಮನೆಗೆ ಬಂದು ಬಚ್ಚಲಿನ ಹಿಂದೆ ಸಿಗಡಿ ಬಿಸಿ ಮಾಡಿದಾಗ ಪಾಪು ತೊಟ್ಟಿಲ ಕೆಳಗಿಂದ ತಾನಾಗಿಯೇ ಎದ್ದು ಬಂತು. ವಾಲಾಡುತ್ತ ಬಂದು ಒಂದು ತುಣುಕು ಬಾಯಿಗೆ ಹಾಕಿತು. ಮತ್ತೊಂದು. ಹೆಂಡತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಣಬಾರದು ಎಂದಿದ್ದ ಅಮ್ಮ ಬಚ್ಚಲಿನ ಕಿಂಡಿಯಿಂದ, "ತಿಂತದಾ? ತಿಂತದಾ?" ಎಂದು ಕೇಳುತ್ತಲೇ ಇದ್ದರು.

ಮರುದಿನ ಆಫೀಸಿನಲ್ಲಿ ಮೇಲಧಿಕಾರಿ ನನ್ನ ಹತ್ತಿರ ಬಂದು ಆಚೀಚೆ ನೋಡಿದರು. "ನಿಮ್ಮ ಬೆಕ್ಕಿಗೆ ಅದನ್ನು ಹೇಗೆ ಮಾಡಿ ಹಾಕಿದಿರಿ?"

"ಸುಮ್ಮನೆ ಬಿಸಿ ಮಾಡಿ ಹಾಕಿದ್ದು ಸರ್."

"ಛೆ, ಛೆ. ತೆಂಗಿನಕಾಯಿ, ಒಣಮೆಣಸು, ಸ್ವಲ್ಪ ಹುಳಿ ಹಾಕಿ ಚಟ್ನಿ ಮಾಡಿ. ನಮ್ಮ ಬೆಕ್ಕು ಗಂಜಿಯ ಒಟ್ಟಿಗೆ ಅದನ್ನೇ ಕೇಳುವುದು."

ಜಗಳದ ರಾಗ

ಮಳೆಗಾಲ ಶುರುವಾಗುವ ಮೊದಲು ಮತ್ತೆ ಕಾರ್ಕಳಕ್ಕೆ ಹೋಗಿದ್ದೆ. ಡಾಕ್ಟರು ಹೇಳಿದರು: "ಬೆಚ್ಚಗೆ ಇಡಿ. ಇನ್ನೊಂದು ಮುಖ್ಯ. ಮನೆಯಲ್ಲಿ ದೊಡ್ಡ ಸದ್ದು, ಕೂಗಾಟ ಇರಬಾರದು. ಇದಕ್ಕೆ ಮನಸ್ಸಿಗೆ ಕಿರಿಕಿರಿ ಆದರೆ ಆ ವೈರಸ್ ಏಳ್ತದೆ."

ಈ ಮಾತನ್ನು ನಾನು ಫೋನಿನಲ್ಲಿ ಹೇಳದೆ ಮನೆಗೆ ಬಂದು ಎದುರೆದುರೇ ಹೇಳಿದೆ. ಅಮ್ಮನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಬ್ಬರಿಗೂ ದಿನಕ್ಕೊಂದು ಜಗಳ ಇಲ್ಲದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ನಿಲ್ಲಿಸುವುದು ಹೇಗೆ? ಕೊನೆಗೆ ಒಂದು ಒಪ್ಪಂದವಾಯಿತು. ಜಗಳ ಮಾಡಬಹುದು, ಸ್ವರ ಎತ್ತಬಾರದು.

ಅಮ್ಮ ಪಾಪುವಿನ ತಲೆ ಸವರುತ್ತ, ಜೋಗುಳದ ಧಾಟಿಯಲ್ಲಿ, "ನಿನಗೆ ಸಾರು ಮಾಡಲಿಕ್ಕೆ ಯಾರು ಕಲಿಸಿದ್ದು ಮಾರಾಯ್ತಿ, ಬೇಳೆ ಎಲ್ಲಿ ಉಂಟು, ಹುಡುಕಿ ಕೊಡ್ತೀಯಾ" ಎನ್ನುವರು. ಹೆಂಡತಿ ಅದೇ ರಾಗದಲ್ಲಿ, "ಕಳೆದ ವಾರ ನೀವು ಮಾಡಿದ ಪಲ್ಯ ದನವೂ ಮೂಸಲಿಲ್ಲವಲ್ಲ ಅತ್ತೆ" ಎನ್ನುವಳು. ನಾನು ಇಬ್ಬರ ಮಧ್ಯೆ ಕುಳಿತು ಯಾವಾಗ ಬೇಸರಪಡಬೇಕು, ಯಾವಾಗ ನಿದ್ದೆ ಮಾಡಬೇಕು ಎಂದು ತಿಳಿಯದೆ ಒದ್ದಾಡುತ್ತಿದ್ದೆ. ಪಾಪುವಿಗೆ ಮಾತ್ರ ನಿದ್ದೆ ಬರುತ್ತಿತ್ತು.

ಒಂದು ಸಂಜೆ ಬಾಯಮ್ಮ ನನ್ನನ್ನು ಗೇಟಿನಲ್ಲಿ ನಿಲ್ಲಿಸಿದರು. ಕಣ್ಣು ತುಂಬಿತ್ತು. "ನಿಮ್ಮ ಮನೆಯಲ್ಲಿ ಅತ್ತೆ ಸೊಸೆ ದಿನಾ ಸಂಜೆ ಒಟ್ಟಿಗೆ ಕುಳಿತು ಭಜನೆ ಮಾಡ್ತಾರಲ್ಲ ರಾಯರೇ. ನನ್ನ ಸೊಸೆಗೂ ಸ್ವಲ್ಪ ಹೇಳಿಕೊಡಲಿಕ್ಕೆ ಹೇಳಿ."

ಎರಡು ಬಾಟ್ಲಿ

ಪಾಪು ಆ ಮಳೆಗಾಲ ದಾಟಿತು. ಅದರ ಮುಂದಿನದ್ದನ್ನೂ ದಾಟಿತು. ಒಂದು ಕಣ್ಣು ಹಾಗೆಯೇ ಉಳಿಯಿತು, ಶೀತ ಬಂದು ಹೋಗಿ ಮಾಡುತ್ತಿತ್ತು. ಬಂದಾಗಲೆಲ್ಲ ಕಣ್ಣಿಗೆ ಹನಿ ಮದ್ದು ಹಾಕಬೇಕು.

ಅಂಥದ್ದೇ ಒಂದು ಶೀತದ ಸಮಯದಲ್ಲಿ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಮಗೆಲ್ಲ ಬಹಳ ಹೆದರಿಕೆ ಇತ್ತು. ಅಮ್ಮ ಮಾತ್ರ, "ಪಾಪು ಒಂದು ಕಣ್ಣಿನಲ್ಲಿ ಸಂಸಾರ ಮಾಡುವುದಿಲ್ಲವಾ?" ಎಂದು ಧೈರ್ಯವಾಗಿ ಹೋಗಿ ಮಲಗಿದ್ದರು. ಮನೆಗೆ ಬಂದ ಮೇಲೆ ಅವರಿಗೂ ಹನಿ ಮದ್ದು. ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಅಮ್ಮ ಮಂಚದ ಮೇಲೆ, ಕಾಲ ಬುಡದಲ್ಲಿ ಪಾಪು. ಬೆಳಿಗ್ಗೆ ಸಂಜೆ ಹೆಂಡತಿ ಇಬ್ಬರನ್ನೂ ಮಲಗಿಸಿ ಹನಿ ಹಾಕುವಳು. ಪಾಪು ಸುಮ್ಮನೆ ಹಾಕಿಸಿಕೊಳ್ಳುತ್ತಿತ್ತು. ಅಮ್ಮನನ್ನು ಇಬ್ಬರು ಹಿಡಿಯಬೇಕಿತ್ತು.

ಎರಡು ಬಾಟ್ಲಿಗಳೂ ಕಿಟಕಿಯ ಕಟ್ಟೆಯ ಮೇಲಿದ್ದವು. ಒಂದು ದಿನ ಇರಚಲು ಬಡಿದು ಎರಡರ ಚೀಟಿಯೂ ಕಿತ್ತುಬಂತು. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಅದು ನಮ್ಮ ಗಮನಕ್ಕೆ ಬಂದದ್ದು ಮರುದಿನ.

"ಎಡದ್ದು ಅತ್ತೆಯದ್ದು" ಎಂದಳು ಹೆಂಡತಿ.

"ಅಲ್ಲ, ಎಡದ್ದು ಪಾಪುವಿನದ್ದು" ಎಂದೆ ನಾನು.

"ಹಾಗಾದರೆ ನಿನ್ನೆಯಿಂದ ನನಗೆ ಹಾಕುತ್ತಿರುವುದು ಯಾವುದು?" ಎಂದು ಹಸಿರು ಬಟ್ಟೆಯ ಅಡಿಯಿಂದ ಅಮ್ಮ ಕೇಳಿದರು.

ಎರಡೂ ಬಾಟ್ಲಿಗಳನ್ನು ಚೀಲಕ್ಕೆ ಹಾಕಿಕೊಂಡು, ಅಮ್ಮನನ್ನು ರಿಕ್ಷಾಕ್ಕೆ ಹತ್ತಿಸಿ, ಕಣ್ಣಿನ ಡಾಕ್ಟರ ಬಳಿಗೆ ಓಡಿದೆವು. ಅಮ್ಮನ ಕಣ್ಣಿಗೆ ಏನಾದರೂ ಆದರೆ ಎಂದು ಹೆಂಡತಿ ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಡಾಕ್ಟರು ನನ್ನ ಮಾತು ಕೇಳಿದರು. ಅರ್ಥವಾಗದೆ ಇನ್ನೊಮ್ಮೆ ಕೇಳಿದರು. ಬಾಟ್ಲಿಗಳನ್ನು ತಿರುಗಿಸಿ ತಳದಲ್ಲಿದ್ದ ಅಕ್ಷರ ಓದಿ, ಕುರ್ಚಿಗೆ ಒರಗಿ ನಕ್ಕರು. "ನಿಮ್ಮ ಪಶುವೈದ್ಯರು ಬರೆದದ್ದೂ ಮನುಷ್ಯರ ಮದ್ದೇ ಮಾರಾಯ್ರೆ. ಬೆಕ್ಕಿಗೆ ಅಂತ ಬೇರೆ ಎಲ್ಲಿ ಸಿಗ್ತದೆ? ಎರಡರಲ್ಲೂ ಇರುವುದು ಒಂದೇ."

ಡಾಕ್ಟರು ಹಸಿರು ಬಟ್ಟೆ ಸರಿಸಿ ಅಮ್ಮನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಗೋಡೆಯ ಅಕ್ಷರ ಓದಿಸಿದರು. ಅಮ್ಮ ಕೊನೆಯ ಸಾಲಿನವರೆಗೆ ಓದಿದರು.

"ಬಹಳ ಚೆನ್ನಾಗಿ ಗುಣವಾಗಿದೆ ಅಮ್ಮ. ಎಂತ ಹೆದರಿಕೆಯೂ ಬೇಡ. ಇನ್ನು ಬೇರೆ ಏನಾದರೂ ತೊಂದರೆ ಉಂಟಾ?"

ಅಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಮುಖದಲ್ಲಿ ನಗು ಎಳ್ಳಷ್ಟೂ ಇರಲಿಲ್ಲ. ಅವರು ನಿಜವಾಗಿ ಕೇಳಿದರೋ, ನಮ್ಮನ್ನು ಆಟ ಆಡಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಕಣ್ಣಿನದ್ದು ಎಂತ ತೊಂದರೆಯೂ ಇಲ್ಲ ಡಾಕ್ಟ್ರೇ. ಆದರೆ ಮೊದಲೆಲ್ಲ ಇಲಿ ಕಂಡರೆ ನಾನು ಮಂಚ ಹತ್ತುತ್ತಿದ್ದೆ. ನಿನ್ನೆ ಒಂದು ಓಡಿತು, ನನಗೆ ಅದರ ಹಿಂದೆ ಹೋಗಬೇಕು ಅಂತ ಆಯಿತು. ಅದು ಯಾವ ಬಾಟ್ಲಿಯ ಗುಣ?"